ಸೃಷ್ಟಿಯೊಡನೆ ಪ್ರಾರ್ಥನೆ, ಸೃಷ್ಟಿಗೆ ಪ್ರಾರ್ಥನೆ

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಅನೇಕ ಸಭೆಗಳು ಈಗ ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕರಾದ ದಿಮಿತ್ರಿಯೋಸರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದ್ದು ಇದರ ಮೂಲ. ಈ ಕಾಲಕ್ಕೆಂದು ರಚಿತವಾಗುವ ಪ್ರಾರ್ಥನೆಗಳಲ್ಲಿ ನದಿ, ಮರ, ಭೂಮಿಗಳನ್ನು ನೇರವಾಗಿ ಸಂಬೋಧಿಸುವ ವಾಕ್ಯಗಳು ಬಂದಾಗ ಕೆಲವರು ಅವನ್ನು ವಿಗ್ರಹಾರಾಧನೆಯೆಂದು ತಳ್ಳಿಹಾಕುತ್ತಾರೆ. ಕೆಲವರು ಕಾವ್ಯವೆಂದು ಒಪ್ಪಿಬಿಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ.

ಸಂಬೋಧನೆ ತಾನಾಗಿಯೇ ದೋಷವಲ್ಲ. 148ನೆಯ ಕೀರ್ತನೆಯು ಸೂರ್ಯಚಂದ್ರರನ್ನೂ ಹಿಮವನ್ನೂ ಬಿರುಗಾಳಿಯನ್ನೂ ಮಾತನಾಡಿಸುತ್ತದೆ. ಆದರೆ ಅವುಗಳಿಂದ ಏನನ್ನೂ ಬೇಡುವುದಿಲ್ಲ. ತನ್ನೊಡನೆ ಕರ್ತನನ್ನು ಸ್ತುತಿಸಲು ಕರೆಯುತ್ತದೆ. ಆದಕಾರಣ ಕ್ರಿಯಾಪದವನ್ನು ನೋಡಬೇಕು. 'ಸ್ತುತಿಸು' ಎಂಬುದು ಸಹಾರಾಧಕನಿಗೆ ಆಡುವ ಮಾತು. 'ಕ್ಷಮಿಸು', 'ರಕ್ಷಿಸು' ಎಂಬುವು ದೇವರಿಗೆ ಮಾತ್ರ ಸಲ್ಲುವ ವಿಜ್ಞಾಪನೆಗಳು. ಅಸಿಸಿಯ ಫ್ರಾನ್ಸಿಸರು 1225ರ ಸುಮಾರಿಗೆ ರಚಿಸಿದ ಸೃಷ್ಟಿಗೀತೆಯಲ್ಲಿ ಸೂರ್ಯನು ಸಹೋದರನೆನಿಸಿಕೊಂಡರೂ ಸ್ತುತಿ ಸಲ್ಲುವುದು ಕರ್ತನಿಗೇ.

ಪಾಪನಿವೇದನೆಗೆ ಬಂದಾಗ ವಿಷಯವು ಜಟಿಲವಾಗುತ್ತದೆ. 2019ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯ ಪ್ರಾರ್ಥನಾಲಯದಲ್ಲಿ ಗಿಡಗಳ ಮುಂದೆ ಪಾಪನಿವೇದನೆ ಮಾಡಿದಾಗ ವ್ಯಾಪಕವಾದ ಟೀಕೆ ಬಂದಿತು. ಟೀಕೆಯಲ್ಲಿ ಹುರುಳಿತ್ತು, ಅದರೊಡನೆ ಬಂದ ಅಪಹಾಸ್ಯದಲ್ಲಿ ಇರಲಿಲ್ಲ. ಯೋಬನ ಗ್ರಂಥದ 31ನೆಯ ಅಧ್ಯಾಯವನ್ನು ಇಲ್ಲಿ ಪೂರ್ತಿಯಾಗಿ ಓದಬೇಕು. 26ರಿಂದ 28ನೆಯ ವಚನಗಳಲ್ಲಿ ಯೋಬನು ಸೂರ್ಯಚಂದ್ರರಿಗೆ ಕೈಮುದ್ದಿಟ್ಟು ವಂದಿಸುವುದನ್ನು ದೇವದ್ರೋಹವೆಂದು ಎಣಿಸುತ್ತಾನೆ. ಹತ್ತು ವಚನಗಳ ತರುವಾಯ ಅದೇ ಯೋಬನು, ತನ್ನ ಹೊಲವು ತನ್ನ ವಿರುದ್ಧ ಕೂಗಿಕೊಂಡಿದ್ದರೆ, ನೇಗಿಲ ಸಾಲುಗಳು ಅತ್ತಿದ್ದರೆ, ಗೋದಿಗೆ ಬದಲಾಗಿ ಮುಳ್ಳು ಬೆಳೆಯಲಿ ಎಂದು ಆಣೆಯಿಡುತ್ತಾನೆ. ಭೂಮಿಯು ಅವನಿಗೆ ದೇವತೆಯಲ್ಲ, ಫಿರ್ಯಾದಿ. ದೂರನ್ನು ಕೇಳುವವನು ದೇವರು. ಬೆಲೆ ಕೊಡದೆ ಫಲವನ್ನು ತಿಂದದ್ದನ್ನೂ ಹೊಲದವರ ಪ್ರಾಣವನ್ನು ಹಿಂಡಿದ್ದನ್ನೂ 39ನೆಯ ವಚನವು ಆ ಕೂಗಿನ ಜೊತೆಯಲ್ಲೇ ಇಡುತ್ತದೆಂಬುದನ್ನು ಪರಿಸರ ಪ್ರಾರ್ಥನೆಗಳನ್ನು ಬರೆಯುವವರು ಹೆಚ್ಚಾಗಿ ಗಮನಿಸಿಲ್ಲ. ಆದುದರಿಂದ 'ಭೂಮಿಯೇ, ನಮ್ಮನ್ನು ಕ್ಷಮಿಸು' ಎಂಬ ವಾಕ್ಯವನ್ನು 'ಕರ್ತನೇ, ನಿನ್ನ ಭೂಮಿಯು ನಮ್ಮ ಮೇಲೆ ತಂದಿರುವ ದೂರನ್ನು ಕೇಳು' ಎಂದು ತಿದ್ದಿದರೆ ಸಿದ್ಧಾಂತವೂ ಉಳಿಯುತ್ತದೆ, ಅಪರಾಧವೂ ಹಗುರವಾಗುವುದಿಲ್ಲ.

ನಮ್ಮ ಸಭೆಗಳ ಸುಗ್ಗಿಯ ಕೃತಜ್ಞತಾರಾಧನೆಯಲ್ಲಿ ಇದಕ್ಕೆ ವಿರುದ್ಧವಾದ ಕೊರತೆಯಿದೆ. ಅಲ್ಲಿ ಸೃಷ್ಟಿಯೆಂದರೆ ಬಲಿಪೀಠದ ಮುಂದಿಟ್ಟ ಫಲ ಮಾತ್ರ. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯವು ಹೇಳುವ ಸೃಷ್ಟಿಯ ನರಳಾಟ ಕೇಳಿಸುವುದು ಅಪರೂಪ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಅದೇ ಪ್ರಾರ್ಥನೆಯನ್ನು ಓದಿ ಮುಗಿಸುವುದುಂಟು. ಅಂಥ ವರ್ಷಕ್ಕೆಂದು ಆರಾಧನಾಕ್ರಮದಲ್ಲಿ ಪ್ರಲಾಪದ ಪಾಠವೊಂದು ಇರಬೇಕು. ಹೊಲವೂ ದನಕರುಗಳೂ ದುಃಖಿಸುವ ಯೋವೇಲನ ಮೊದಲನೆಯ ಅಧ್ಯಾಯ ಅದಕ್ಕೆ ತಕ್ಕುದಾಗಿದೆ.