ಕೆಲಸ ಕೊಡಿಸುವವರ ಕೆಲಸಕ್ಕೆ ಭದ್ರತೆ ಎಲ್ಲಿದೆ?

ಕಂಪನಿಗಳಿಗೆ ಬೇಕಾದ ನೌಕರರನ್ನು ಹುಡುಕಿ ಒದಗಿಸುವ ಖಾಸಗಿ ಏಜೆನ್ಸಿಗಳಿಗೆ ಬೆಂಗಳೂರು ದೇಶದ ಮುಖ್ಯ ನೆಲೆಗಳಲ್ಲೊಂದಾಗಿದ್ದು, 2002ರಲ್ಲಿ ಆರಂಭವಾದ ಟೀಮ್‌ಲೀಸ್ ಮತ್ತು 2007ರಲ್ಲಿ ಆರಂಭವಾದ ಕ್ವೆಸ್ ಕಾರ್ಪ್ ಎರಡರ ಕೇಂದ್ರ ಕಚೇರಿಗಳೂ ಇಲ್ಲಿವೆ. ಆದರೆ ಇಂತಹ ಏಜೆನ್ಸಿಗಳೊಳಗೇ ದುಡಿಯುವ ಸಾವಿರಾರು ಯುವಜನರ ಉದ್ಯೋಗ ಭವಿಷ್ಯ ಚರ್ಚೆಗೆ ಬರುವುದು ಅಪರೂಪ.

ಆ ಭವಿಷ್ಯವು ಏಜೆನ್ಸಿಯ ಆದಾಯದ ಮೂಲವನ್ನು ಅವಲಂಬಿಸಿದೆ. ಕಾಯಂ ನೇಮಕಾತಿಯಲ್ಲಿ, ಆಯ್ಕೆಯಾದ ವ್ಯಕ್ತಿಯ ವಾರ್ಷಿಕ ವೇತನದ ಒಂದು ಪಾಲು ಏಜೆನ್ಸಿಗೆ ಒಂದೇ ಬಾರಿ ಶುಲ್ಕವಾಗಿ ಸಿಗುತ್ತದೆ. ಹೀಗಾಗಿ 2021ರ ಐಟಿ ನೇಮಕಾತಿಯ ಭರಾಟೆಯಲ್ಲಿ ಹೆಚ್ಚಿದ ಬೇಡಿಕೆ 2023ರ ಹಿಂಜರಿತದಲ್ಲಿ ಕುಸಿದಾಗ, ಅದರ ಹೊಡೆತ ಮೊದಲು ತಟ್ಟಿದ್ದು ರಿಕ್ರೂಟರ್‌ಗಳಿಗೇ. ಸ್ಟಾಫಿಂಗ್ ಎಂದು ಕರೆಯುವ ಇನ್ನೊಂದು ವ್ಯವಸ್ಥೆಯಲ್ಲಿ ನೌಕರನು ಏಜೆನ್ಸಿಯ ವೇತನಪಟ್ಟಿಯಲ್ಲಿದ್ದು ಬೇರೊಂದು ಕಂಪನಿಯಲ್ಲಿ ದುಡಿಯುವುದರಿಂದ, ಲಾಭಾಂಶ ಕಡಿಮೆಯಾದರೂ ಆದಾಯವು ತಿಂಗಳು ತಿಂಗಳು ಬರುತ್ತದೆ ಮತ್ತು ಅದನ್ನು ನಿರ್ವಹಿಸುವವರ ಕೆಲಸವೂ ಹೆಚ್ಚು ಸ್ಥಿರವಾಗಿರುತ್ತದೆ.

ರೆಸ್ಯೂಮೆಗಳನ್ನು ಜಾಲಾಡಿ, ಪಟ್ಟಿ ಮಾಡಿ, ಸಂದರ್ಶನದ ವೇಳೆ ಗೊತ್ತುಪಡಿಸುವ ಕೆಲಸವನ್ನು ತಂತ್ರಾಂಶಗಳು ಈಗಾಗಲೇ ವಹಿಸಿಕೊಳ್ಳುತ್ತಿರುವುದರಿಂದ, ಅಷ್ಟನ್ನೇ ಬಲ್ಲವರಿಗೆ ಮುಂದಿನ ವರ್ಷಗಳು ಕಷ್ಟದವು. ಇದಕ್ಕೆ ವಿರುದ್ಧವಾಗಿ, ಕಾನೂನು ಪಾಲನೆಯ ಜ್ಞಾನಕ್ಕೆ ಬೆಲೆ ಏರುತ್ತಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಸ್ಥಾನದಲ್ಲಿ, 2020ರಲ್ಲಿ ಅಂಗೀಕಾರವಾದ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಗುತ್ತಿಗೆದಾರರ ಪರವಾನಗಿಯ ಮಿತಿ 20 ಕಾರ್ಮಿಕರಿಂದ 50ಕ್ಕೆ ಏರಿದೆ. ಗುತ್ತಿಗೆದಾರನು ವೇತನ ಕೊಡದಿದ್ದರೆ ಹೊಣೆ ಮೂಲ ಮಾಲೀಕನ, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿಯ, ಮೇಲೆ ಬೀಳುವುದರಿಂದ, ಭವಿಷ್ಯನಿಧಿ, ಇಎಸ್ಐ, ಗ್ರಾಚ್ಯುಟಿಗಳ ಲೆಕ್ಕವನ್ನು ತಪ್ಪಿಲ್ಲದೆ ನಡೆಸುವವರನ್ನು ಯಾವ ಕಂಪನಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಅದರಷ್ಟೇ ಮುಖ್ಯವಾದುದು ಮನುಷ್ಯರನ್ನು ಅರಿಯುವ ವಿವೇಕ. ರಾಯಚೂರಿನಿಂದ ಪೀಣ್ಯದ ಕಾರ್ಖಾನೆಗೆ ಬರುವ ಯುವಕನಿಗೆ ಬಾಡಿಗೆ, ಊಟ, ಊರಿಗೆ ಕಳಿಸಬೇಕಾದ ಹಣ ಇವೆಲ್ಲ ಕಳೆದು ಆ ಸಂಬಳ ಸಾಲುವುದೇ, ಆತ ಆರು ತಿಂಗಳಾದರೂ ನಿಲ್ಲುವನೇ ಎಂಬುದು ರೆಸ್ಯೂಮೆಯಲ್ಲಿ ಬರೆದಿರುವುದಿಲ್ಲ, ಮಾತನಾಡಿಸಿಯೇ ತಿಳಿಯಬೇಕು.

ಆದ್ದರಿಂದ ಏಜೆನ್ಸಿಗಳು ತಿಂಗಳ ಟಾರ್ಗೆಟ್‌ನಿಂದಷ್ಟೇ ಸಿಬ್ಬಂದಿಯನ್ನು ಅಳೆಯುವುದನ್ನು ಬಿಟ್ಟು, ಕಾರ್ಮಿಕ ಕಾನೂನಿನಲ್ಲಿ ಅವರಿಗೆ ತರಬೇತಿ ಕೊಟ್ಟು, ಅವರು ಸೇರಿಸಿದವರಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನೂ ಬಡ್ತಿಗೆ ಆಧಾರವಾಗಿಸಬೇಕು. ಹಾಗಾದಾಗ ಕೆಲಸ ಹುಡುಕುವವನಿಗೂ ಕೊಡಿಸುವವನಿಗೂ ಭದ್ರತೆ ಒಟ್ಟಿಗೇ ದೊರೆಯುತ್ತದೆ.