ನೂರು ಕಿಲೋಮೀಟರ್ ಆಚೆಯ ನಲ್ಲಿ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತು. ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು, ಕೆಲವು ಕಡೆ ದೋಣಿಗಳೇ ಬಂದವು. ಅದೇ ದಿನಗಳಲ್ಲಿ ಊರಿನ ಎಷ್ಟೋ ಮನೆಗಳ ನಲ್ಲಿಯಲ್ಲಿ ನೀರಿರಲಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿ ನೀರನ್ನು ಎತ್ತಿ ಕಳಿಸುವ ಪಂಪ್‌ಹೌಸಿಗೆ ಮಳೆನೀರು ನುಗ್ಗಿ ಯಂತ್ರಗಳು ನಿಂತುಹೋಗಿದ್ದವು. ಬೀದಿಯಲ್ಲಿ ಮೊಣಕಾಲುದ್ದ ನೀರು, ಅಡುಗೆಮನೆಯಲ್ಲಿ ಖಾಲಿ ಕೊಡ. ಸುರಿದ ಮಳೆಗೂ ಕುಡಿಯುವ ನೀರಿಗೂ ಈ ಊರು ಸಂಬಂಧವನ್ನೇ ಉಳಿಸಿಕೊಂಡಿಲ್ಲ ಎಂಬುದು ಅವತ್ತು ಎಲ್ಲರ ಕಣ್ಣಿಗೂ ಬಿತ್ತು. ಆ ಸಂಬಂಧ ಕಡಿದುಹೋಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದೆ.

ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರ. ಇಲ್ಲಿ ಬಿದ್ದ ಮಳೆ ಒಂದು ಮಗ್ಗುಲಲ್ಲಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ ಇನ್ನೊಂದು ಮಗ್ಗುಲಲ್ಲಿ ದಕ್ಷಿಣ ಪಿನಾಕಿನಿಗೂ ಇಳಿದುಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆ ಊರಿನ ಪಕ್ಕದಲ್ಲಿ ಎಂದೂ ಇರಲಿಲ್ಲ. 1537ರಲ್ಲಿ ಪೇಟೆ ಕಟ್ಟಿದ ಕೆಂಪೇಗೌಡರ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿಯಂಥ ಕೆರೆಗಳು ಊರಿನ ಮೈಗಂಟಿಕೊಂಡೇ ಹುಟ್ಟಿದವು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಕೆರೆಯಿಂದ ಇಂಗಿದ್ದು ಬಾವಿಗಳಿಗೆ ಬರುತ್ತಿತ್ತು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸಲು ಊರೂರಿಗೂ ನೀರುಗಂಟಿ ಇರುತ್ತಿದ್ದ. ಕೆರೆ ತುಂಬಿದೆಯೋ ತಳ ಕಂಡಿದೆಯೋ ಎಂಬುದು ದಾರಿಯಲ್ಲಿ ಹೋಗುವ ಮಗುವಿಗೂ ತಿಳಿಯುತ್ತಿತ್ತು. ಈ ಕೊನೆಯ ಮಾತನ್ನು ನಾನು ಮುಖ್ಯ ಎಂದು ಭಾವಿಸುತ್ತೇನೆ: ನೀರಿನ ಲೆಕ್ಕ ಆಗ ಎಲ್ಲರ ಕಣ್ಣೆದುರಿಗಿತ್ತು.

1876-78ರ ಧಾತು-ಈಶ್ವರ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. ಅತ್ತ ದಂಡು ಪ್ರದೇಶ, ಇತ್ತ ಪೇಟೆ ಎರಡೂ ಬೆಳೆಯುತ್ತಿದ್ದವು. ಕೆರೆ-ಬಾವಿಗಳನ್ನು ನಂಬಿ ನಗರ ನಡೆಸುವುದು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಆಡಳಿತ ಬಂತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ಹಿಡಿಯುವ ಕೆಲಸ ಶುರುವಾಯಿತು. ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿಯ ಕಡೆಗೆ ಹರಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದಿಂದ ಮೇಲೆತ್ತಿ ಊರಿಗೆ ತಂದರು. 1896ರಲ್ಲಿ ಕೊಳಾಯಿಯಲ್ಲಿ ನೀರು ಬಂತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದಕ್ಕೆ ಹೆಸರು. ಶೋಧಿಸಿದ ನೀರು ಮನೆಬಾಗಿಲಿಗೆ ಬಂದದ್ದು ದೊಡ್ಡ ಸಂಗತಿ. ಅದನ್ನು ಕಡಿಮೆ ಮಾಡಿ ಹೇಳುವ ಹಕ್ಕು ಇಂದು ನಲ್ಲಿ ತಿರುಗಿಸಿ ಕುಡಿಯುವ ನಮಗಿಲ್ಲ.

ಆದರೆ ಇಪ್ಪತ್ತು ಕಿಲೋಮೀಟರ್ ದೂರದಿಂದ ನೀರು ಬರತೊಡಗಿದ ಮೇಲೆ ಕಾಲಬುಡದ ಕೆರೆಗೆ ಕೆಲಸವಿಲ್ಲದಂತಾಯಿತು. ಕೆಲಸವಿಲ್ಲದ ಕೆರೆ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿಯ ಅಂಗಳ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅದರ ಒಂದು ಮೂಲೆಯಲ್ಲಿ ಪುಟ್ಟ ಕೊಳವೊಂದು ಉಳಿದಿದ್ದರೆ ಅದು ಕರಗ ಉತ್ಸವದ ದೆಸೆಯಿಂದ. ಕರಗ ಹೊರುವ ತಿಗಳ ಸಮುದಾಯದವರು ತಲೆಮಾರುಗಳಿಂದ ತೋಟ ಮಾಡಿದವರು; ಆಚರಣೆಗೆ ಆ ನೀರು ಬೇಕೇಬೇಕು ಎಂದು ಅವರು ಪಟ್ಟು ಬಿಡಲಿಲ್ಲ. ಸಂಪಂಗಿಯ ಅಷ್ಟಾದರೂ ಗುರುತು ಉಳಿದದ್ದು ಅವರಿಂದ.

ಹೆಸರಘಟ್ಟ ಮೂವತ್ತು ವರ್ಷ ತಾಳಿತು. 1920ರ ದಶಕದಲ್ಲಿ ಅದೂ ಬತ್ತಿದಾಗ ಊರು ಇನ್ನಷ್ಟು ದೂರ ಕೈಚಾಚಿತು. ಸರ್ ಎಂ. ವಿಶ್ವೇಶ್ವರಯ್ಯ ಅವರ ನೇತೃತ್ವದ ಸಮಿತಿಯ ಸಲಹೆಯಂತೆ ಅರ್ಕಾವತಿ-ಕುಮುದ್ವತಿ ಸಂಗಮದಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. 1933ರಲ್ಲಿ ಅದು ಮುಗಿಯಿತು. ಚಾಮರಾಜಸಾಗರ ಎಂದೂ ಕರೆಯುತ್ತಾರೆ. ನಾಲ್ಕು ದಶಕ ಬೆಂಗಳೂರಿನ ಬಾಯಾರಿಕೆಯ ದೊಡ್ಡ ಪಾಲನ್ನು ಹೊತ್ತ ನೀರು ಅದು. ಆಮೇಲೆ ಜಲಾನಯನದ ತುಂಬ ನೀಲಗಿರಿ ತೋಪು, ಕೊಳವೆಬಾವಿ, ಬಡಾವಣೆ, ಕಾರ್ಖಾನೆ. ಅರ್ಕಾವತಿ ಹರಿಯುವುದನ್ನೇ ಮರೆಯಿತು. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ಊರಿಗೆ ನೀರು ಬರುವುದೂ ನಿಂತಿತು. ಅಷ್ಟರಲ್ಲಿ ಕಾವೇರಿ ಬಂದಿದ್ದಳಲ್ಲ, ಅರ್ಕಾವತಿಗಾಗಿ ಮರುಗಿದವರು ಕೆಲವರೇ.

ಕಾವೇರಿ ಬೆಂಗಳೂರಿಗೆ ಮೊದಲು ಬಂದದ್ದು ಬೆಳಕಾಗಿ. ಶಿವನಸಮುದ್ರದ ವಿದ್ಯುತ್ 1905ರಲ್ಲಿ ಇಲ್ಲಿಯ ಬೀದಿದೀಪ ಹೊತ್ತಿಸಿತು. ನೀರಾಗಿ ಬರಲು ಇನ್ನೂ ಏಳು ದಶಕ ಬೇಕಾಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಮೊದಲ ಹಂತದ ಯೋಜನೆಯಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ನೀರು ಬಂತು. 1982ರಲ್ಲಿ ಎರಡನೆಯ ಹಂತ, ಮತ್ತೆ ಅಷ್ಟೇ. 1993, 2002, 2012 ಹೀಗೆ ಹಂತಗಳು ಏರುತ್ತ ಹೋದವು. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರ್. ಪಾಲಿಕೆಗೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆಂದು ಮೀಸಲಾದದ್ದು. ಹದಿನೇಳು ವರ್ಷ ಆ ಹಳ್ಳಿಗಳ ಜನ ಬೋರ್ ನೀರು, ಟ್ಯಾಂಕರ್ ನೀರಿನಲ್ಲೇ ದಿನ ದೂಡಿದರು.

ಈ ನೀರಿನ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡಬೇಕು. ಶಿವ ಅಣೆಕಟ್ಟೆಯಿಂದ ನೆಟ್ಕಲ್, ಅಲ್ಲಿಂದ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕ, ಹಾರೋಹಳ್ಳಿ, ತಾತಗುಣಿ. ಸುಮಾರು 100 ಕಿಲೋಮೀಟರ್ ಉದ್ದ, ಮೂರು ಕಡೆ ಪಂಪ್, ಒಟ್ಟು ಹೆಚ್ಚುಕಡಿಮೆ 500 ಮೀಟರ್ ಎತ್ತರ. ಕರೆಂಟಿನ ಬಿಲ್ಲೇ ಜಲಮಂಡಳಿಯ ಅತಿ ದೊಡ್ಡ ಖರ್ಚು. ಇಷ್ಟು ಕಷ್ಟಪಟ್ಟು ಬಂದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹಳೆಯ ಕೊಳವೆಗಳ ಸೋರಿಕೆಯಲ್ಲೋ ಕಳ್ಳ ಸಂಪರ್ಕಗಳಲ್ಲೋ ವರ್ಷಾನುಗಟ್ಟಲೆ ಲೆಕ್ಕಕ್ಕೆ ಸಿಗದೆ ಹೋಗಿದೆ. ತೊರೆಕಾಡನಹಳ್ಳಿಯಲ್ಲಿ ವಿದ್ಯುತ್ ಹೋದರೆ, ಮಾರ್ಗದಲ್ಲಿ ಕೊಳವೆ ಒಡೆದರೆ, ನಿರ್ವಹಣೆಗೆಂದು ಪಂಪ್ ನಿಲ್ಲಿಸಿದರೆ (2025ರ ಸೆಪ್ಟೆಂಬರ್‌ನಲ್ಲಿ ಹಾಗೆ ನಿಲ್ಲಿಸಬೇಕಾಯಿತು) ರಾಜಾಜಿನಗರದಿಂದ ವೈಟ್‌ಫೀಲ್ಡ್‌ವರೆಗೆ ಎಲ್ಲರೂ ಒಟ್ಟಿಗೆ ಬಕೆಟ್ ತುಂಬಿಡಬೇಕು. ಒಂದೇ ಮೂಲವನ್ನು ನಂಬಿದ ವ್ಯವಸ್ಥೆಯ ಗುಣವೇ ಇದು. ‘ನೀರು ವ್ಯತ್ಯಯ’ ಎಂಬ ಪ್ರಕಟಣೆಗಳು ಬರುತ್ತಲೇ ಇರುತ್ತವೆ.

ಬೆಂಗಳೂರಿನ ಮನೆಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿವೆ. ಗೇಟಿನ ಒಳಗೆ, ಕಾರು ನಿಲ್ಲುವ ಜಾಗದ ಕೆಳಗೆ, ಕಬ್ಬಿಣದ ಮುಚ್ಚಳದ ಸಂಪ್. ದಿನ ಬಿಟ್ಟು ದಿನವೋ ಎರಡು ದಿನ ಬಿಟ್ಟೋ ವಾಲ್ವ್‌ಮ್ಯಾನ್ ಬೀದಿಯ ವಾಲ್ವ್ ತಿರುಗಿಸುತ್ತಾನೆ. ನೀರು ಸಂಪಿಗೆ ಬೀಳುತ್ತದೆ. ಮನೆಯ ಮೋಟಾರ್ ಅದನ್ನು ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಮೂರು ಸಲ ಎತ್ತಿಸಿಕೊಂಡು ಬಂದ ಕಾವೇರಿ ಮನೆಯಲ್ಲಿ ನಾಲ್ಕನೆಯ ಸಲ ಏರುತ್ತಾಳೆ. ಟ್ಯಾಂಕ್ ತುಂಬಿದ ಮೇಲೆ ನಲ್ಲಿ 24 ಗಂಟೆಯೂ ಹರಿಯುತ್ತದೆ. ವಾಲ್ವ್‌ಮ್ಯಾನ್ ಇಂದಿನ ನೀರುಗಂಟಿ, ನಿಜ. ಆದರೆ ನೀರುಗಂಟಿಯ ಕೆರೆಯನ್ನು ಊರು ನೋಡುತ್ತಿತ್ತು, ಸಂಪಿನ ಮಟ್ಟವನ್ನು ಮನೆಯವರೂ ನೋಡುವುದಿಲ್ಲ. ನೀರು ಉಳಿಸಿ ಎಂಬ ಮಾತು ನಮ್ಮ ಕಿವಿಗೆ ಬಿದ್ದರೂ ಕೈಗೆ ಬರದೆ ಇರುವುದಕ್ಕೆ ಇದು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಸಂಪೇ ಇಲ್ಲದ, ಬೀದಿನಲ್ಲಿಗೆ ಕೊಡ ಸಾಲಿಡುವ ಮನೆಗಳಲ್ಲಿ ಈ ಉಪದೇಶದ ಅಗತ್ಯವೇ ಇಲ್ಲ. ಎಷ್ಟು ಕೊಡ ಬಂತು, ಎಷ್ಟು ಉಳಿಯಿತು ಎಂಬುದು ಅಲ್ಲಿಯ ಹೆಂಗಸರಿಗೆ ಬಾಯಿಪಾಠ.

2023ರ ಮುಂಗಾರು ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಟ್ಯಾಂಕರ್ ದರಕ್ಕೆ ಮಿತಿ ಬಂತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಂದರೆ ಸಾವಿರ ಲೀಟರಿಗೆ 83. ಆಗ ಜಲಮಂಡಳಿಯ ಗೃಹಬಳಕೆಯ ಮೊದಲ 8,000 ಲೀಟರಿನ ದರ ಸಾವಿರಕ್ಕೆ 7 ರೂಪಾಯಿ. ಕೊಳವೆ ಇರುವ ಹಳೆಯ ಬಡಾವಣೆಯವರು ಏಳು ಕೊಟ್ಟಾಗ ಕೊಳವೆ ಮುಟ್ಟದ ಹೊರವಲಯದವರು ಮಿತಿ ಹಾಕಿದ ದರದಲ್ಲೂ ಹನ್ನೆರಡು ಪಟ್ಟು ತೆತ್ತರು. ಈ ಅನ್ಯಾಯವನ್ನು ಬರಗಾಲದ ತಲೆಗೆ ಕಟ್ಟಲಾಗದು.

ಮುಂದೇನು ಎಂದರೆ ಮತ್ತಷ್ಟು ದೂರದ ಹೊಳೆಗಳತ್ತ ಬೆರಳು ತೋರಿಸುವವರಿದ್ದಾರೆ. ಲಿಂಗನಮಕ್ಕಿ ಜಲಾಶಯದಿಂದ ಶರಾವತಿ ನೀರು ತರುವ ಮಾತು ಬಂದಾಗ, 2019ರಲ್ಲಿ, ಮಲೆನಾಡಿನ ಜನ ಬೀದಿಗಿಳಿದರು. ಮುಳುಗಡೆಯ ನೋವು ಉಂಡವರು ಅವರು. ಅವರ ಸಿಟ್ಟು ನ್ಯಾಯವಾದದ್ದು. ಕಾವೇರಿಯಲ್ಲೂ ಹಂಚಿಕೆಗೆ ಹದ್ದಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪು ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ.

ಹತ್ತಿರದ ನೀರಿನ ಲೆಕ್ಕವನ್ನು ನಾವು ಬಿಟ್ಟು ಬಹಳ ಕಾಲವಾಗಿದೆ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ 970 ಮಿಲಿಮೀಟರ್ ಆಸುಪಾಸು. ಮೂವತ್ತು-ನಲವತ್ತರ ನಿವೇಶನದ ಮೇಲೆ, ಅಂದರೆ 1,200 ಚದರಡಿಯ ಮೇಲೆ, ವರ್ಷಕ್ಕೆ ಬೀಳುವುದು ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು. ತಾರಸಿ ಅದಕ್ಕಿಂತ ಚಿಕ್ಕದಿದ್ದು, ಒಂದಿಷ್ಟು ಆವಿಯಾಗಿ ಚೆಲ್ಲಿಹೋದರೂ 70,000 ಲೀಟರ್ ಹಿಡಿಯುವುದು ಕಷ್ಟವಲ್ಲ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ನಾಲ್ಕು ಜನರ ಮನೆಗೆ ಅದು ನಾಲ್ಕು ತಿಂಗಳಿನ ನೀರು. ಇಲ್ಲಿಯ ಮಳೆ ಏಪ್ರಿಲ್‌ನ ಅಡ್ಡಮಳೆಯಿಂದ ನವೆಂಬರ್‌ವರೆಗೆ ಹರಡಿಕೊಂಡು ಬೀಳುವುದರಿಂದ ಅದೇ ಸಂಪ್ ಮತ್ತೆ ಮತ್ತೆ ತುಂಬುತ್ತದೆ. ವಿಜಯನಗರದಲ್ಲಿ 1995ರಲ್ಲಿ ಮನೆ ಕಟ್ಟಿದ ವಿಜ್ಞಾನಿ ಎ.ಆರ್. ಶಿವಕುಮಾರ್ ಕಾವೇರಿ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲಿ ಬದುಕು ನಡೆಸಿ ತೋರಿಸಿದರು. ಜಯನಗರ 5ನೇ ಬ್ಲಾಕಿನ ಮಳೆನೀರು ಸಂಗ್ರಹ ಥೀಮ್ ಪಾರ್ಕಿನಲ್ಲಿ ಇದರ ಬಗೆಬಗೆಯ ಮಾದರಿಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಮನೆಯೊಳಗಿನ ಲೆಕ್ಕ ಇನ್ನೂ ಸರಳ. ಪೂರ್ತಿ ತೆರೆದ ಅಡುಗೆಮನೆ ನಲ್ಲಿಯಿಂದ ನಿಮಿಷಕ್ಕೆ ಹತ್ತು ಲೀಟರ್ ಬೀಳುತ್ತದೆ ಎಂದಿಟ್ಟುಕೊಳ್ಳಿ. ಕಾಲು ಗಂಟೆ ಹರಿಯಬಿಟ್ಟು ಪಾತ್ರೆ ತೊಳೆದರೆ 150 ಲೀಟರ್, ಒಬ್ಬರ ದಿನದ ಪಾಲಿಗಿಂತ ಹೆಚ್ಚು. ಅದೇ ಪಾತ್ರೆ ಟಬ್ಬಿನಲ್ಲಿ ಮುಳುಗಿಸಿ ತೊಳೆದರೆ ಎರಡು-ಮೂರು ಬಕೆಟ್ ಸಾಕು. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಏರೇಟರ್ ಎಂಬ ಪುಟ್ಟ ಜರಡಿ ನೀರಿಗೆ ಗಾಳಿ ಬೆರೆಸಿ ಹರಿವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಕೈಗೆ ವ್ಯತ್ಯಾಸವೇ ತಿಳಿಯದು. 2024ರಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲ್ಲುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಸರಿಯಾಗಿಯೇ ಇತ್ತು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಒಯ್ಯುತ್ತದೆ, ರಿಪೇರಿಗೆ ಬೇಕಾದದ್ದು ಒಂದು ವಾಷರ್. ಹಳೆಯ ಫ್ಲಶ್ ಟ್ಯಾಂಕ್ ಒಮ್ಮೆಗೆ ಹತ್ತು ಲೀಟರ್ ಸುರಿಯುತ್ತದೆ. ಮರಳು ತುಂಬಿದ ಲೀಟರ್ ಬಾಟಲಿಯನ್ನು ಅದರೊಳಗಿಟ್ಟರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ.

ಆರ್‌ಒ ಯಂತ್ರದ ಬಗ್ಗೆ ಒಂದು ಮಾತು. ಒಂದು ಲೀಟರ್ ಶುದ್ಧ ನೀರಿಗೆ ಅದು ಸಾಮಾನ್ಯವಾಗಿ ಎರಡು-ಮೂರು ಲೀಟರ್ ಹೊರಚೆಲ್ಲುತ್ತದೆ. ಉಪ್ಪಿನ ಬೋರ್ ನೀರಿರುವಲ್ಲಿ ಬೇರೆ ದಾರಿ ಇರಲಿಕ್ಕಿಲ್ಲ. ಆದರೆ ಕಾವೇರಿ ನೀರಿನಲ್ಲಿ ಕರಗಿದ ಲವಣ, ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿಗಿಂತ ಸಾಕಷ್ಟು ಕೆಳಗಿದೆ. ಅದನ್ನು ಕುದಿಸಿ ಆರಿಸಿದರೆ ಸಾಕು. ನೂರು ಕಿಲೋಮೀಟರಿನಿಂದ ತಂದ ಒಳ್ಳೆಯ ನೀರನ್ನು ಹೀಗೆ ಮೋರಿಗೆ ಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಂತ್ರ ಇದ್ದೇ ಇದ್ದರೆ ಅದರ ತ್ಯಾಜ್ಯ ನೀರು ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಕುಂಡದ ಗಿಡಕ್ಕೆ ನಿತ್ಯ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ.

ಮಳೆನೀರು ಸಂಗ್ರಹವನ್ನು ಕಾನೂನು 2009ರಲ್ಲೇ ಕಡ್ಡಾಯ ಮಾಡಿತು: ಹೊಸದಾದರೆ 30x40 ನಿವೇಶನದಿಂದ, ಹಳೆಯದಾದರೆ 40x60ರಿಂದ. ಮಾಡದವರ ನೀರಿನ ಬಿಲ್ಲಿನ ಮೇಲೆ ದಂಡ. ಸಾವಿರಾರು ಮನೆಗಳವರು ಕೊಳವೆ ಜೋಡಿಸುವ ಬದಲು ತಿಂಗಳು ತಿಂಗಳು ದಂಡವನ್ನೇ ಕಟ್ಟುತ್ತ ಬಂದಿದ್ದಾರೆ. ತೋರಿಕೆಗೆ ಪೈಪು ಇಳಿಸಿ, ಸೋಸುವ ಜಲ್ಲಿಯನ್ನು ಒಮ್ಮೆಯೂ ತೊಳೆಯದ ಮನೆಗಳು ಇನ್ನೆಷ್ಟೋ. ಏಪ್ರಿಲ್ ಬಂದಾಗ ತಾರಸಿ ಗುಡಿಸಿ, ಜರಡಿ ತೊಳೆದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ತಿರುಪು ಸರಿಯಿದೆಯೇ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸ ಬಲ್ಲವರು ಊರಿನಂಚಿನಲ್ಲೇ ಇದ್ದಾರೆ. ತಲೆಮಾರುಗಳಿಂದ ಬಾವಿ ತೋಡುವ ಭೋವಿ ಸಮುದಾಯದವರಿಗೆ ಕೊಳವೆಬಾವಿ ಬಂದ ಮೇಲೆ ಕೆಲಸ ಇಲ್ಲವಾಗಿತ್ತು. ಹತ್ತು ಲಕ್ಷ ಇಂಗುಬಾವಿಗಳ ಗುರಿಯಿಟ್ಟು ಬಯೋಮ್ ಟ್ರಸ್ಟ್ ಶುರುಮಾಡಿದ ಪ್ರಯತ್ನದಲ್ಲಿ ಅವರಿಗೆ ಮತ್ತೆ ಕರೆ ಬಂತು. ಮೂರಡಿ ಅಗಲ, ಇಪ್ಪತ್ತಡಿ ಆಸುಪಾಸಿನ ಆಳ, ಸಿಮೆಂಟ್ ಉಂಗುರ, ಮೇಲೊಂದು ಮುಚ್ಚಳ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿದವರೂ ಇವರೇ. ಮೇಲುಮಣ್ಣು ಎಲ್ಲಿ ಮುಗಿಯುತ್ತದೆ, ನೀರು ಕುಡಿಯುವ ಪದರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವರು ಗುದ್ದಲಿಯ ಸದ್ದಿನಲ್ಲೇ ಹೇಳುತ್ತಾರೆ. ನಿಮ್ಮ ಬೀದಿಯಲ್ಲಿ ಇಂಗುಬಾವಿ ತೋಡಿಸುವುದಾದರೆ ಅವರನ್ನೇ ಕರೆಸಿ, ಮತ್ತು ಮಳೆಗಾಲಕ್ಕೆ ಮುಂಚೆ ಕರೆಸಿ.