847 ಮನೆತನಗಳ ಊರು ಹುಡುಕಿದ ನಟ

1710ರ ಬೇಸಗೆಯಲ್ಲಿ ಇಂಗ್ಲೆಂಡಿನಿಂದ ಹೊರಟಿದ್ದ ಹಡಗುಗಳು ಒಂದರ ಹಿಂದೊಂದು ನ್ಯೂಯಾರ್ಕಿಗೆ ಬಂದು ತಲುಪಿದವು. ಹತ್ತುವಾಗ ಸುಮಾರು ಮೂರು ಸಾವಿರವಿದ್ದ ಜರ್ಮನ್ನರಲ್ಲಿ ನೂರಾರು ಮಂದಿ ದಾರಿಯಲ್ಲೇ ಜ್ವರಕ್ಕೆ ಬಲಿಯಾಗಿ ಕಡಲು ಸೇರಿದ್ದರು. ಸೋಂಕಿಗೆ ಹೆದರಿದ ಪಟ್ಟಣದವರು ಉಳಿದವರನ್ನು ಎದುರಿನ ದ್ವೀಪದಲ್ಲಿ ಇಳಿಸಿದರು. ಗವರ್ನರ್ ರಾಬರ್ಟ್ ಹಂಟರ್‌ನ ಗುಮಾಸ್ತರು ಪಡಿ ಹಂಚಲು ಪಟ್ಟಿ ಬರೆಯತೊಡಗಿದರು. ಮನೆಯ ಯಜಮಾನನ ಹೆಸರು, ಹತ್ತು ವರ್ಷ ದಾಟಿದವರು ಎಷ್ಟು, ದಾಟದವರು ಎಷ್ಟು, ಅಷ್ಟೇ. ಯಾವ ಊರಿನವರೆಂದು ಯಾರೂ ಬರೆದುಕೊಳ್ಳಲಿಲ್ಲ. ರೊಟ್ಟಿ ಅಳೆಯಲು ಊರಿನ ಹೆಸರು ಬೇಕಿರಲಿಲ್ಲ.

ಹೀಗೆ ಬಂದವರಲ್ಲಿ ಯೊಹಾನ್ನಾ ಝೆಂಗರ್ ಎಂಬ ವಿಧವೆಯೂ ಇದ್ದಳು. ಅವಳ ಹದಿಮೂರು ವರ್ಷದ ಮಗ ಪೀಟರ್‌ನನ್ನು ವಿಲಿಯಂ ಬ್ರಾಡ್‌ಫರ್ಡ್ ಎಂಬ ಮುದ್ರಕನ ಬಳಿ ಕೆಲಸ ಕಲಿಯಲು ಎಂಟು ವರ್ಷಗಳ ಕರಾರಿನ ಮೇಲೆ ಬಿಟ್ಟರು. ಹುಡುಗ ಬೆಳೆದು ತಾನೇ ಪತ್ರಿಕೆ ಅಚ್ಚು ಹಾಕಿದ, ಆಗಿನ ಗವರ್ನರನ ವಿರುದ್ಧ ಬರೆದದ್ದನ್ನು ಪ್ರಕಟಿಸಿ ಜೈಲು ಕಂಡ, 1735ರಲ್ಲಿ ಜ್ಯೂರಿಯಿಂದ ಬಿಡುಗಡೆ ಪಡೆದ. ಅಮೆರಿಕದ ಪತ್ರಿಕಾ ಸ್ವಾತಂತ್ರ್ಯದ ಚರಿತ್ರೆ ಬರೆಯುವವರೆಲ್ಲ ಆ ಮೊಕದ್ದಮೆಯನ್ನು ವಿಸ್ತಾರವಾಗಿ ಬರೆದರು. ಅವನ ಬಾಲ್ಯದ ಪುಟ ಮಾತ್ರ ಖಾಲಿಯಾಗಿತ್ತು. ಅವನ ಅಪ್ಪ ಹೊಸ ನೆಲದಲ್ಲಿ ಮನೆ ಹೂಡುವ ಮೊದಲೇ ತೀರಿಕೊಂಡಿದ್ದ.

ಇಷ್ಟು ಜನ ಹೊರಟದ್ದಾದರೂ ಹೇಗೆ? 1709ರ ಜನವರಿಯಲ್ಲಿ ಯೂರೋಪು ಭೀಕರ ಚಳಿಗೆ ಸಿಕ್ಕಿತು. ನದಿಗಳು ಹೆಪ್ಪುಗಟ್ಟಿದವು, ದ್ರಾಕ್ಷಿ ಬಳ್ಳಿಗಳು ಸುಟ್ಟುಹೋದವು. ಫ್ರೆಂಚ್ ಸೈನ್ಯದ ಲೂಟಿಯಿಂದ ರೈನ್ ಕಣಿವೆ ಆಗಲೇ ಬಸವಳಿದಿತ್ತು. ಅದೇ ಹೊತ್ತಿಗೆ ಕೋಖರ್ಟಾಲ್ ಎಂಬ ಪಾದ್ರಿಯ ಕಿರುಹೊತ್ತಗೆಯೊಂದು ಊರೂರಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಅದರಲ್ಲಿ ಇಂಗ್ಲೆಂಡಿನ ರಾಣಿ ಆನ್‌ಳ ಚಿತ್ರವಿತ್ತು, ಕ್ಯಾರೊಲಿನಾದ ಫಲವತ್ತಾದ ನೆಲದ ವರ್ಣನೆಯಿತ್ತು. ಅದನ್ನು ಬರೆಯುವಾಗ ಪಾದ್ರಿ ಅಮೆರಿಕವನ್ನು ಕಂಡೇ ಇರಲಿಲ್ಲ. ರಾಣಿಯೇ ಕರೆದು ಭೂಮಿ ಕೊಡುತ್ತಾಳೆಂಬ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿ, ಸುಮಾರು 13,000 ಜನ ರೈನ್ ನದಿಯಲ್ಲಿ ಇಳಿದು ರಾಟರ್‌ಡ್ಯಾಂ ಹಾದು ಲಂಡನ್ ಸೇರಿದರು. ಅಲ್ಲಿ ಬ್ಲ್ಯಾಕ್‌ಹೀತ್ ಬಯಲಿನ ಡೇರೆಗಳಲ್ಲಿ ದಿನ ನೂಕಿದರು. ಕೆಲವರನ್ನು ಐರ್ಲೆಂಡಿಗೆ ಸಾಗಿಸಿದರು, ಕೆಲವರನ್ನು ಬಂದ ದಾರಿಗೇ ಅಟ್ಟಿದರು. ಮೂರು ಸಾವಿರ ಜನರನ್ನು ನೌಕಾಪಡೆಗೆ ಬೇಕಾದ ಟಾರನ್ನು ಪೈನ್ ಮರದಿಂದ ತೆಗೆಯಲೆಂದು ನ್ಯೂಯಾರ್ಕಿಗೆ ಕಳಿಸಿದರು. ಹಡ್ಸನ್ ದಂಡೆಯ ಆ ಸಾಹಸ ನೆಲಕಚ್ಚಿತು. 1712ರಲ್ಲಿ ಪಡಿಯೂ ನಿಂತಿತು. ಜನ ಸ್ಕೋಹಾರಿ, ಮೊಹಾಕ್ ಕಣಿವೆಗಳತ್ತ, ಮುಂದೆ ಪೆನ್ಸಿಲ್ವೇನಿಯದತ್ತ ಚದುರಿದರು.

ಎರಡೂವರೆ ಶತಮಾನ ಕಳೆಯಿತು. ಅವರ ಸಂತಾನ ಅಮೆರಿಕದ ತುಂಬ ಹರಡಿತು. ಶ್ನೈಡರ್ ಸ್ನೈಡರ್ ಆದ, ಕೋಖ್ ಕುಕ್ ಆದ. ಎಲ್ಲಿಂದ ಬಂದಿರಿ ಎಂದರೆ ಮನೆಮನೆಯಲ್ಲೂ ಒಂದೇ ಉತ್ತರ: ನಾವು ಪ್ಯಾಲಟೈನರು, ರೈನ್ ದಂಡೆಯ ಪ್ಯಾಲಟಿನೇಟ್ ಪ್ರಾಂತದವರು. ಆ ಉತ್ತರ ನಂಬಿ ಹೊರಟವರು ಪ್ಯಾಲಟಿನೇಟಿನ ಚರ್ಚ್ ದಫ್ತರಗಳನ್ನು ಜಾಲಾಡಿದರು, ಬರಿಗೈಲಿ ಮರಳಿದರು. ಎಷ್ಟೋ ಚರ್ಚುಗಳ ಹಳೆಯ ಪುಸ್ತಕಗಳು ಯುದ್ಧಗಳಲ್ಲಿ ಬೂದಿಯಾಗಿದ್ದವು. ಉಳಿದವುಗಳಲ್ಲಿ ಮಸಿ ಹರಡಿದ ಗೋಜಲು ಬರಹ. ಅದನ್ನು ಓದಲು ಕಲಿತರೂ ಯೊಹಾನ್ನೆಸ್ ಮುಲ್ಲರ್ ಎಂಬ ಹೆಸರು ಹೋಬಳಿಗೆ ಹತ್ತರಂತೆ ಎದುರಾಗುತ್ತಿತ್ತು. ಅವರಲ್ಲಿ ಹಡಗು ಹತ್ತಿದವನು ಯಾರೆಂದು ಹೇಳುವ ಗುರುತೇ ಇರಲಿಲ್ಲ.

ಈ ಗೋಜಲಿಗೆ ಕೈಹಾಕಿದವರು ಇತಿಹಾಸದ ಪ್ರಾಧ್ಯಾಪಕರಲ್ಲ, ಸಿನಿಮಾ ನಟ. ಹೆನ್ರಿ ಝಡ್ ಜೋನ್ಸ್, ಜನ ಕರೆಯುವಂತೆ ಹ್ಯಾಂಕ್ ಜೋನ್ಸ್, ಡಿಸ್ನಿಯ ‘ಬ್ಲ್ಯಾಕ್‌ಬಿಯರ್ಡ್ಸ್ ಘೋಸ್ಟ್’, ‘ಹರ್ಬಿ ರೈಡ್ಸ್ ಅಗೇನ್’ ಚಿತ್ರಗಳಲ್ಲಿ ಪಾತ್ರ ಮಾಡಿದವರು. ಐರ್ಲೆಂಡಿಗೆ ಹೋದ ಪ್ಯಾಲಟೈನರ ಬಗ್ಗೆ 1965ರಲ್ಲೇ ಪುಸ್ತಕ ತಂದಿದ್ದರು. ಬಳಿಕ ಕಣ್ಣು ನ್ಯೂಯಾರ್ಕಿನ ಕವಲಿನ ಮೇಲೆ ಬಿತ್ತು. ಹಂಟರ್‌ನ ಪಡಿ ಪಟ್ಟಿಯಲ್ಲಿದ್ದ ಕುಟುಂಬಗಳು 847. ಅವರು ತಮ್ಮ ವಂಶವೊಂದನ್ನೇ ಹಿಡಿದು ಹೋಗಲಿಲ್ಲ. ಅಷ್ಟೂ ಮನೆತನಗಳನ್ನು ಒಟ್ಟಿಗೆ ಕೈಗೆತ್ತಿಕೊಂಡರು.

ನೋಡಿದವರಿಗೆ ಇದು ಹುಚ್ಚು ಸಾಹಸ. ಒಂದು ಮನೆಯ ಊರೇ ಸಿಗದಿರುವಾಗ 847ರದು ಸಿಕ್ಕೀತೆ? ಆದರೆ ಎಲ್ಲರನ್ನೂ ಒಟ್ಟಿಗೆ ಹರಡಿಕೊಂಡು ಕೂತಾಗಲೇ, ಒಂಟಿಯಾಗಿ ಹುಡುಕಿದವರಿಗೆ ಕಾಣದ್ದು ಕಂಡಿತು. ಲಂಡನ್ನಿನಲ್ಲಿ ಬರೆದುಕೊಂಡ ವಲಸಿಗರ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದ ಹೆಸರುಗಳು ಹಡ್ಸನ್ ದಂಡೆಯಲ್ಲೂ ಅಕ್ಕಪಕ್ಕವೇ ಇದ್ದವು. ಒಬ್ಬರ ಮಗುವಿನ ದೀಕ್ಷಾಸ್ನಾನಕ್ಕೆ ಇನ್ನೊಬ್ಬರು ಸಾಕ್ಷಿ ನಿಂತಿದ್ದರು, ಒಬ್ಬರ ವಿಧವೆಯನ್ನು ಮತ್ತೊಬ್ಬರು ಮದುವೆಯಾಗಿದ್ದರು. ಊರಿಗೆ ಮರಳಿದ ಉಲ್ರಿಖ್ ಸಿಮ್ಮೆಂಡಿಂಗರ್ ಎಂಬಾತ ಅಮೆರಿಕದಲ್ಲಿ ಬದುಕುಳಿದವರ ಹೆಸರುಗಳನ್ನು ಸುಮಾರು 1717ರಲ್ಲಿ ಅಚ್ಚು ಹಾಕಿಸಿದ್ದ. ಅಲ್ಲೂ ಅದೇ ನಂಟು. ಈ ಜನ ಬಿಡಿಬಿಡಿಯಾಗಿ ಹೊರಟವರೇ ಅಲ್ಲ, ನೆರೆಹೊರೆ ಸಮೇತ ಎದ್ದು ಬಂದವರು.

ಹಾಗಿದ್ದರೆ ಒಬ್ಬನ ಊರು ಸಿಕ್ಕರೆ ಸಾಕಿತ್ತು. ಆ ಒಬ್ಬನನ್ನು ತೋರಿಸಿಕೊಟ್ಟದ್ದು ಕೋಖರ್ಟಾಲ್ ಪಾದ್ರಿಯೇ. ಕಾಣದ ದೇಶವನ್ನು ಹೊಗಳಿದ ಆತ ತಾನೂ ವಲಸೆ ಬಂದು, ಹಡ್ಸನ್ ದಂಡೆಯ ಚರ್ಚಿನಲ್ಲಿ ಮದುವೆ ಮಾಡಿಸುತ್ತಿದ್ದ. ದಫ್ತರದಲ್ಲಿ ಎಷ್ಟೋ ಕಡೆ ವಧೂವರರ ಹುಟ್ಟೂರನ್ನೂ ಬರೆದಿಟ್ಟಿದ್ದ. ಗುಮಾಸ್ತರಿಗೆ ಬೇಡವಾದದ್ದು ಪಾದ್ರಿಗೆ ಬೇಕಾಗಿತ್ತು.

ಆ ಊರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಜೋನ್ಸ್ ಸುತ್ತಲ ಹಳ್ಳಿಗಳಿಗೆ ಲಗ್ಗೆ ಹಾಕಿಸಿದರು. ಜರ್ಮನಿಯಲ್ಲಿದ್ದ ಸಂಶೋಧಕಿಯೊಬ್ಬರು ಅವರ ಪರವಾಗಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಪುಟಪುಟ ತಿರುವಿ 1709ರ ಸುಮಾರಿಗೆ ಕಾಣೆಯಾದ ಹೆಸರುಗಳನ್ನು ಹೆಕ್ಕಿದರು. ಹೆಸರೊಂದೇ ಹೊಂದಿದರೆ ಸಾಲದು. ಗಂಡ, ಹೆಂಡತಿ, ಮಕ್ಕಳು, ಅವರ ವಯಸ್ಸು, ಎಲ್ಲವೂ ಆಚೆ ದಡದ ಪಟ್ಟಿಗೆ ತಾಳೆಯಾಗಬೇಕು. ಆಮೇಲೆ ಆ ಕುಟುಂಬ ಹಳ್ಳಿಯ ದಫ್ತರದಲ್ಲಿ ಮತ್ತೆ ಕಾಣಿಸಿಕೊಳ್ಳಕೂಡದು. ಇಷ್ಟು ಕಟ್ಟುನಿಟ್ಟು ಮಾಡಿದರೂ ನಾಯ್‌ವೀಡ್, ವೆಸ್ಟರ್‌ವಾಲ್ಡ್ ಸೀಮೆಯಲ್ಲಿ, ಬಳ್ಳಿ ಹಿಡಿದೆಳೆದರೆ ಹಂದರವೇ ಅಲುಗುವಂತೆ, ಒಂದು ಮನೆಯ ಹಿಂದೆ ಇನ್ನೊಂದು ಬಂತು.

ಝೆಂಗರ್ ಮನೆತನ ಸುಲಭಕ್ಕೆ ಬಗ್ಗುವಂಥದ್ದಾಗಿರಲಿಲ್ಲ, ಅದರ ಗುರುತು ಒಂದೇ ಊರಲ್ಲಿ ಇರಲಿಲ್ಲ. ರುಂಬಾಖ್ ಹಳ್ಳಿಯ ದಫ್ತರದಲ್ಲಿ 1697ರಲ್ಲಿ ಒಂದು ದೀಕ್ಷಾಸ್ನಾನ, 1703ರಲ್ಲಿ ಮತ್ತೊಂದು. ವಾಲ್ಡ್‌ಫಿಶ್‌ಬಾಖ್‌ನಲ್ಲಿ 1706ರಲ್ಲಿ ಇನ್ನೊಂದು. ತಂದೆಯ ಹೆಸರು ನಿಕೋಲಾಸ್ ಎಬರ್‌ಹಾರ್ಡ್ ಝೆಂಗರ್, ತಾಯಿ ಯೊಹಾನ್ನಾ. ನಡುವೆ 1701ರಲ್ಲಿ ಇಂಪ್‌ಫ್ಲಿಂಗೆನ್‌ನಲ್ಲಿ ಆತ ಶಾಲಾ ಮಾಸ್ತರ. ಮಾಸ್ತರನ ಸಂಸಾರ ಊರೂರು ತಿರುಗಿತ್ತು. ನ್ಯೂಯಾರ್ಕಿಗೆ ಅನಾಮಿಕನಾಗಿ ಬಂದ ಮುದ್ರಕ ಹುಡುಗನಿಗೆ ಅಪ್ಪನ ಹೆಸರೂ ಸಿಕ್ಕಿತು, ಅಪ್ಪನ ಕಸುಬೂ ಸಿಕ್ಕಿತು.

ಪಟ್ಟಿಯ ಅಷ್ಟೂ ಮನೆತನಗಳ ವಿವರ ಹೊತ್ತ ಎರಡು ಸಂಪುಟ 1985ರಲ್ಲಿ ಹೊರಬಂದವು. ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಹುಟ್ಟೂರು ದೊರಕಿತ್ತು. ಅಡ್ಡಗಟ್ಟಿದ್ದ ದಾರಿ ಆಕಸ್ಮಿಕವಾಗಿ ತೆರೆದುಕೊಂಡ ಗಳಿಗೆಗಳು ಜೋನ್ಸ್‌ರನ್ನು ಎಷ್ಟು ಕಾಡಿದವೆಂದರೆ, ಬೇರೆ ವಂಶಶೋಧಕರ ಇಂಥ ಅನುಭವಗಳನ್ನೂ ಕೂಡಿಸಿ 1993ರಲ್ಲಿ ‘ಸೈಕಿಕ್ ರೂಟ್ಸ್’ ಎಂಬ ಪುಸ್ತಕವನ್ನೇ ತಂದರು.

ಒಗಟಿನ ಉತ್ತರ ಮಾತ್ರ ಅದೃಷ್ಟದ್ದಲ್ಲ. ‘ಪ್ಯಾಲಟೈನ್’ ಎಂಬುದು ಲಂಡನ್ನಿನಲ್ಲಿ ಎಲ್ಲರಿಗೂ ಸಗಟಾಗಿ ಅಂಟಿದ ಚೀಟಿ. ಹೆಸ್ಸೆ, ನಸ್ಸಾವು, ವ್ಯೂರ್ಟೆಂಬರ್ಗ್ ಕಡೆಯವರೂ ಅದರಡಿ ಸೇರಿಹೋಗಿದ್ದರು. ಅವರ ಮೊಮ್ಮಕ್ಕಳೂ ಆ ಚೀಟಿಯನ್ನೇ ನಂಬಿದ್ದರಿಂದ ತಪ್ಪು ಸೀಮೆಯ ದಫ್ತರಗಳು ಸವೆದವು. ಸರಿಯಾದ ವಿಳಾಸ ಆ ಕಾಲದ ಪಟ್ಟಿಗಳಲ್ಲೇ ಇತ್ತು, ಆದರೆ ಒಬ್ಬನ ಹೆಸರಿನ ಎದುರಲ್ಲ, ಅವನ ಮೇಲಿನ ಮತ್ತು ಕೆಳಗಿನ ಹೆಸರುಗಳಲ್ಲಿ.